ತೊರಕೆಗೆ ಜೊತೆ ಯಾರು?

ಬನಹಟ್ಟಿಯ ಆ ಮನೆಯ ಪಡಸಾಲೆಯಲ್ಲಿ ಬಹಳ ವರ್ಷ ಅಜ್ಜನ ಕುಣಿ ಮಗ್ಗವಿತ್ತು. ಅಜ್ಜ ಹೋದ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಹಾಸಿದರು. ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮುಗಳ ಸದ್ದು ಹಗಲಿರುಳೂ ಇದ್ದದ್ದೇ. ಪಡಸಾಲೆಯ ಆ ಮೂಲೆ ಮಾತ್ರ ಖಾಲಿ ಉಳಿಯಿತು. ಪಿಯುಸಿ ಎರಡನೆಯ ವರ್ಷದ ಫಲಿತಾಂಶ ಬಂದ ಸಂಜೆ ಮಗ ಟೇಪು ಹಿಡಿದು ಆ ಮೂಲೆಯನ್ನು ಅಳೆಯತೊಡಗಿದ.

"ಏನ್ ಅಳ್ಯಾಕತ್ತಿ?" ತಂದೆ ಕೇಳಿದರು.

"ಏಳು ಫೂಟ್ ಉದ್ದ, ಮೂರು ಫೂಟ್ ಅಗಲ. ಎಂಬತ್ತೈದು ಪರ್ಸೆಂಟ್ ಮಾಡಿದ್ರ ದೊಡ್ಡ ಟ್ಯಾಂಕ್ ಕೊಡಸ್ತೀನಿ ಅಂದಿದ್ದೆಲ್ಲಪ್ಪಾ?"

ಅಂದದ್ದು ನಿಜ. ಅಂದಾಗ ಅವರ ಕಣ್ಣಮುಂದೆ ಇದ್ದದ್ದು ಟಿವಿ ಪಕ್ಕದಲ್ಲಿಡುವ ಗಾಜಿನ ಪೆಟ್ಟಿಗೆ. ಹುಡುಗನ ಮನಸ್ಸಿನಲ್ಲಿದ್ದದ್ದು ಸಿಹಿನೀರಿನ ಸ್ಟಿಂಗ್‌ರೇ. ಕರಾವಳಿಯವರು ತೊರಕೆ ಎನ್ನುವ ಮೀನಿನ ಬಳಗ ಅದು. ತಟ್ಟೆಯಂಥ ಮೈ, ಚಾಟಿಯಂಥ ಬಾಲ, ಬಾಲದಲ್ಲೊಂದು ವಿಷದ ಮುಳ್ಳು. ಸಮುದ್ರದಿಂದ ಬಂದ ಪೂರ್ವಜರ ಕುಲ ದಕ್ಷಿಣ ಅಮೆರಿಕದ ನದಿಗಳಲ್ಲಿ ಕೋಟ್ಯಂತರ ವರ್ಷ ನೆಲೆಸಿ, ಮರಳಿ ಉಪ್ಪುನೀರಿಗೆ ಹೋಗಿ ಬದುಕುವ ಶಕ್ತಿಯನ್ನೇ ಕಳೆದುಕೊಂಡಿದೆ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೋಟೊರೊ ಎಂಬ ಜಾತಿ. ಕಂದು ಮೈಮೇಲೆ ಕಿತ್ತಳೆ ಬಣ್ಣದ ಕಣ್ಣುಕಣ್ಣು ಚುಕ್ಕೆ. ಮರಿ ಅಂಗೈಯಷ್ಟಿರುತ್ತದೆ. ಬೆಳೆದರೆ ತಟ್ಟೆಯೇ ಒಂದೂವರೆ ಅಡಿ ದಾಟುತ್ತದೆ. ಮೂರು ಅಡಿ ಅಗಲ ಬೇಕೆಂದು ಹುಡುಗ ಹಟ ಹಿಡಿದದ್ದು ಅದಕ್ಕೇ. ಈ ಮೀನಿಗೆ ನೀರಿನ ಎತ್ತರಕ್ಕಿಂತ ನೆಲದ ಹರವು ಮುಖ್ಯ. ಮಗ್ಗುಲು ಹೊರಳಲು ಜಾಗವಿಲ್ಲದಿದ್ದರೆ ಅದು ಮೂಲೆಯಲ್ಲಿ ಮಡಿಚಿಕೊಂಡೇ ಸೊರಗುತ್ತದೆ.

ಏಳು, ಮೂರು, ಎರಡು ಅಡಿಯ ತೊಟ್ಟಿ ಎಂದರೆ 42 ಘನ ಅಡಿ. ಸುಮಾರು 1,190 ಲೀಟರ್ ನೀರು. ಗಾಜು ಬಿಟ್ಟು ನೀರಿನ ತೂಕವೇ ಹನ್ನೆರಡು ಕ್ವಿಂಟಲ್ ಹತ್ತಿರ. ಲೆಕ್ಕ ಕೇಳಿದ ತಂದೆ ಫರಸಿಯ ಮೇಲೆ ಕಾಲಿಟ್ಟು ನೋಡಿದರು. ತುಂಬಿದ ಮಣ್ಣು ಇಷ್ಟು ಭಾರ ತಡೆಯುವುದಿಲ್ಲ. ಕಡೆಗೆ ಗೌಂಡಿಯನ್ನು ಕರೆಸಿ, ಕುಣಿಯ ಮಣ್ಣು ತೆಗೆಸಿ ಕಾಂಕ್ರೀಟು ಹಾಕಿಸಬೇಕಾಯಿತು. ಅಜ್ಜ ಕಾಲು ಇಳಿಬಿಟ್ಟು ಕೂಡುತ್ತಿದ್ದ ಕುಣಿ ಎರಡು ದಿನದ ಮಟ್ಟಿಗೆ ಮತ್ತೆ ಕಂಡಿತು.

ತೊಟ್ಟಿಯ ಗಾಜಿಗೆ ಮುಂಗಡ ಕೊಡುವ ಹೊತ್ತಿಗೆ ತಾಯಿ ಒಂದು ಹಳೆಯ ಮಾತು ತೆಗೆದರು. "ಹಿಂದಿನ ಮೀನೆಲ್ಲಾ ಯಾಕ ಸತ್ವು? ಅದನ್ನ ಮೊದಲ ಹೇಳು."

ಹಿಂದಿನ ತೊಟ್ಟಿ ಮೂರು ಅಡಿಯದು. ಮುಧೋಳದ ಒಂದು ಅಂಗಡಿಯಲ್ಲಿ ಬಣ್ಣ ನೋಡಿ ಕೊಂಡ ಮೀನುಗಳು: ಏಂಜೆಲ್ ನಾಲ್ಕು, ಟೈಗರ್ ಬಾರ್ಬ್ ಆರು, ಗೋಲ್ಡ್‌ಫಿಶ್ ಎರಡು, ಒಂದು ಫ್ಲವರ್‌ಹಾರ್ನ್ ಮರಿ, ಗಾಜು ಸ್ವಚ್ಛ ಮಾಡಲೆಂದು ಒಂದು ಸಕ್ಕರ್. ಟೈಗರ್ ಬಾರ್ಬ್‌ಗಳು ಏಂಜೆಲ್‌ಗಳ ಉದ್ದ ರೆಕ್ಕೆ ಕಿತ್ತವು. ಬೆಚ್ಚನೆಯ ನೀರು ಗೋಲ್ಡ್‌ಫಿಶ್‌ಗೆ ಹಿಡಿಸಲಿಲ್ಲ. ಫ್ಲವರ್‌ಹಾರ್ನ್ ಬೆಳೆದು ತೊಟ್ಟಿಯೆಲ್ಲ ತನ್ನದೆಂದು ಉಳಿದವರ ಬೆನ್ನು ಹತ್ತಿತು. ಕೊನೆಗೆ ಕರೆಂಟು ಹೋದ ಒಂದು ರಾತ್ರಿ ಗಾಳಿಯಿಲ್ಲದೆ ಅದೂ ಹೋಯಿತು. ಉಳಿದದ್ದು ಸಕ್ಕರ್ ಒಂದೇ. ಕಡಿಮೆ ಆಮ್ಲಜನಕದಲ್ಲೂ ಅದು ಜೀವ ಹಿಡಿಯುತ್ತದೆ. ಹುಡುಗನ ಯೋಜನೆಯಲ್ಲಿ ಹೊಸ ತೊಟ್ಟಿಗೆ ಇಳಿಯುವ ಮೊದಲ ಮೀನು ಅದೇ ಆಗಿತ್ತು.

"ನಿಮ್ಮ ಮಾಮಾನ್ನ ಒಂದ್ ಮಾತ್ ಕೇಳಿ ಆಮೇಲೆ ಏನರ ಮಾಡು" ಎಂದು ತಾಯಿ ಮಗನನ್ನು ಜಮಖಂಡಿ ದಾರಿಯಾಗಿ ಬೀಳಗಿಗೆ ಕಳಿಸಿದರು.

ಸೋದರಮಾವನ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ. ಬಾಗಲಕೋಟೆ ಸೀಮೆಯಲ್ಲಿ ಮುಳುಗಡೆ ಎಂದರೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಉಳಿದ ತುಂಡಿನಲ್ಲಿ ಕಬ್ಬು, ಒಂದು ಮೂಲೆಯಲ್ಲಿ ಮೀನಿನ ಹೊಂಡ. ಮೀನು ಸಾಕಿ ಮಾರುತ್ತಾರೆ, ತಿನ್ನುವುದಿಲ್ಲ. ಅಮೆಜಾನಿನ ಮೀನಿನ ಹೆಸರು ಅವರು ಕೇಳಿದವರಲ್ಲ. ಆದರೆ ಯಾವ ಮೀನಿನ ಜೊತೆ ಯಾವುದು ಎಂಬ ಪ್ರಶ್ನೆಯ ಮೇಲೆಯೇ ಅವರ ವರ್ಷದ ಗಳಿಕೆ ನಿಂತಿದೆ.

ಬಲೆ ಎಳೆಸಿ ಮೂರು ಮೀನು ತೆಗೆದು ತೋರಿಸಿದರು. "ಬಣ್ಣ ನೋಡಬ್ಯಾಡ ಅಳಿಯಾ, ಬಾಯಿ ನೋಡು."

ಕಾಟ್ಲಾದ ಬಾಯಿ ಮೇಲ್ಮುಖ. ಅದು ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಸಣ್ಣ ಝಾಲರು; ನಡುನೀರು ಅದರ ಜಾಗ. ಮೃಗಾಲ್‌ನ ಬಾಯಿ ಕೆಳಮುಖ. ತಳದಲ್ಲಿ ಕೊಳೆತದ್ದೆಲ್ಲ ಅದರ ಊಟ. ನಾಲ್ಕು ಪಾಲು, ಮೂರು ಪಾಲು, ಮೂರು ಪಾಲು ಬಿಟ್ಟರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಈ ಆಯ್ಕೆಯೇ ನಮ್ಮ ದೇಶದಲ್ಲಿ ಬಹಳ ಹಳೆಯದಲ್ಲ. ಮೊದಲು ಹೊಳೆಯ ಪ್ರವಾಹದಲ್ಲಿ ಮರಿ ಹಿಡಿದು ತರುತ್ತಿದ್ದರು. ಅದರಲ್ಲಿ ಸಾಕುವ ಮೀನೂ ಇರುತ್ತಿತ್ತು, ಅದನ್ನು ತಿನ್ನುವ ಮೀನೂ ಇರುತ್ತಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಹಾರ್ಮೋನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಬೇಕಾದ ಜಾತಿಯ ಮರಿ ಬೇಕಾದಷ್ಟು ಸಿಗುವ ದಾರಿ ತೆರೆದದ್ದು.

ಬೆಳ್ಳಿಗೆಂಡೆಯನ್ನು ಮಾವ ಹಾಕುವುದಿಲ್ಲ. ಕಾಟ್ಲಾದಂತೆ ಅದೂ ಮೇಲ್ಪದರದಲ್ಲೇ ಸೋಸಿ ತಿನ್ನುತ್ತದೆ. ಹಿಮಾಚಲದ ಗೋವಿಂದ ಸಾಗರ ಜಲಾಶಯಕ್ಕೆ 1971ರಲ್ಲಿ ನೆರೆನೀರಿನೊಂದಿಗೆ ಸಾಕಣೆ ಕೇಂದ್ರದ ಬೆಳ್ಳಿಗೆಂಡೆ ತಪ್ಪಿಸಿಕೊಂಡು ಸೇರಿತು. ಮುಂದಿನ ವರ್ಷಗಳಲ್ಲಿ ಬಲೆಗೆ ಬೀಳುವುದೆಲ್ಲ ಹೆಚ್ಚಾಗಿ ಅದೇ ಆಗಿ, ಕಾಟ್ಲಾ ಹಿಂದೆ ಬಿತ್ತು. ಯಾರೂ ಯಾರನ್ನೂ ಕಚ್ಚಲಿಲ್ಲ. ಊಟ ಮಾತ್ರ ಒಂದೇ ಆಗಿತ್ತು.

"ಈಗ ಹೇಳು, ನಿನ್ನ ಮೀನಿನ ಬಾಯಿ ಎಲ್ಲೈತಿ?"

"ಹೊಟ್ಟಿ ಕೆಳಗ. ಕಣ್ಣು ಬೆನ್ನ ಮ್ಯಾಲೆ."

"ಹಂಗಾರ ತಾ ತಿನ್ನೋದು ತನಗ ಕಾಣಂಗಿಲ್ಲ?"

ಕಾಣುವುದಿಲ್ಲ. ವಾಸನೆಯಿಂದಲೂ, ಜೀವಿಗಳ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತಿನಿಂದಲೂ ಅದು ಊಟ ಹುಡುಕುತ್ತದೆ. ಮರಳಿನ ಮೇಲೆ ಮೈ ಸರಿಸುತ್ತ ಬಂದು, ಮೈಯನ್ನೇ ಮುಚ್ಚಳ ಮಾಡಿ ಕೆಳಗೆ ಸಿಕ್ಕದ್ದನ್ನು ಜಗಿಯುತ್ತದೆ. ಅದು ಹತ್ತಿರ ಬರುವಷ್ಟರಲ್ಲಿ ಚುರುಕಿನ ಮೀನು ಎಲ್ಲ ನುಂಗಿರುತ್ತದೆ. ಸ್ಟಿಂಗ್‌ರೇ ಸಾಕಿದವರ ಎಷ್ಟೋ ತೊಟ್ಟಿಗಳಲ್ಲಿ ಆಗುವುದು ಇದೇ: ಜಗಳವಿಲ್ಲ, ಗಾಯವಿಲ್ಲ, ಬಾಲದ ಬುಡದಲ್ಲಿ ಎರಡು ಉಬ್ಬು ಎದ್ದು ಕಾಣತೊಡಗುತ್ತವೆ. ಆಗ ಅದು ಹಸಿದು ಬಹಳ ದಿನವಾಯಿತು ಎಂದು ತಿಳಿಯಬೇಕು. ಮುಳ್ಳು ನೋಡಿ ಹೆದರುವವರಿಗೆ ಗೊತ್ತಾಗದ ಸಂಗತಿಯೆಂದರೆ, ಆ ತೊಟ್ಟಿಯಲ್ಲಿ ಎಲ್ಲರಿಗಿಂತ ಬಡಪಾಯಿ ಅದೇ.

ಹುಡುಗ ನೋಟುಬುಕ್ಕು ತೆಗೆದ. ಹತ್ತು ಹೆಸರು ಬರೆದುಕೊಂಡು ಬಂದಿದ್ದ. ಮಾವ ಕೇಳಿದ್ದು ಮೂರೇ ಪ್ರಶ್ನೆ: ಬಾಯಿ ಯಾವ ಕಡೆ, ರಾತ್ರಿ ಎಲ್ಲಿರುತ್ತದೆ, ಬೆಳೆದರೆ ಎಷ್ಟಾಗುತ್ತದೆ. ಉತ್ತರ ಹೇಳುತ್ತ ಹೇಳುತ್ತ ಹುಡುಗ ತಾನೇ ಗೀಟು ಎಳೆಯತೊಡಗಿದ. ನಿಯಾನ್ ಟೆಟ್ರಾ: ಜೊತೆಯಲ್ಲ, ತಿಂಡಿ. ಏಂಜೆಲ್: ಇವತ್ತಲ್ಲ ನಾಳೆ ಅದೂ ತಿಂಡಿ. ಟೈಗರ್ ಬಾರ್ಬ್: ಕೀಳುವ ಚಟ, ಅದರ ಮೇಲೆ ಬಾಯಿಗೆ ಹಿಡಿಯುವ ಗಾತ್ರ. ಫ್ಲವರ್‌ಹಾರ್ನ್ ಹೆಸರು ಬಂದಾಗ ಹೇಳುವುದೇ ಬೇಕಾಗಲಿಲ್ಲ. ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಯಾಗಿದ್ದಾಗ ಚೆಂದ. ಬೆಳೆದರೆ ಒಂದು ಮೀಟರು ಮುಟ್ಟುತ್ತದೆ, ಬಾಯಿಯೂ ಅಷ್ಟೇ ದೊಡ್ಡದು. ಪೇಟೆಯಲ್ಲಿ ರೂಪಚಂದ ಎಂದು ಮಾರುವ ಪಾಕು ಮೀನಿಗೆ ಕಾಯಿಯೊಡೆಯುವ ಹಲ್ಲು.

ಸಕ್ಕರ್ ಹೆಸರಿಗೆ ಹುಡುಗ ಪೆನ್ನು ತಡೆದ. ಅದು ಪಾಚಿ ತಿನ್ನುವ ಪಾಪದ ಮೀನಲ್ಲವೇ?

"ರಾತ್ರಿ ಎಲ್ಲಿರ್ತದ?"

"ತಳದಾಗ. ಯಾವುದಕ್ಕರ ಬಾಯಿ ಹಚ್ಚಿಕೊಂಡು."

"ತಳದಾಗ ಆಗ ಇನ್ಯಾರು ಮಲಗಿರ್ತಾರ?"

ಅಂಗಡಿಯವರು ಹೇಳದೆ ಬಿಡುವ ಮಾತು ಇದು. ಸ್ಟಿಂಗ್‌ರೇ ಮೈಮೇಲೆ ಲೋಳೆಯ ಪದರವಿದೆ. ಸಕ್ಕರ್ ರಾತ್ರಿ ಹೊತ್ತು ಅದಕ್ಕೆ ಬಾಯಿ ಹಚ್ಚಿ ಹೀರುತ್ತದೆ. ಪದರ ಹೋದಲ್ಲಿ ಹುಣ್ಣು, ಹುಣ್ಣಿಗೆ ಸೋಂಕು. ಔಷಧಿ ಹಾಕೋಣವೆಂದರೆ ಮೀನಿನ ರೋಗಗಳಿಗೆ ಬಳಸುವ ತಾಮ್ರದ ಔಷಧಿಯನ್ನು ಸ್ಟಿಂಗ್‌ರೇ ತಾಳುವುದಿಲ್ಲ. ಅಂದಮೇಲೆ ಅದರ ಜೊತೆಗಾರರಿಗೆ ರೋಗ ಬಂದರೂ ಅದೇ ತೊಟ್ಟಿಯಲ್ಲಿ ಚಿಕಿತ್ಸೆ ಮಾಡುವಂತಿಲ್ಲ. ತಂದ ಮೀನನ್ನೆಲ್ಲ ಮೊದಲು ಒಂದು ತಿಂಗಳಾದರೂ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಹಳೆಯ ಮೂರಡಿ ತೊಟ್ಟಿಗೆ ಹೀಗೆ ಒಂದು ಕೆಲಸ ಸಿಕ್ಕಿತು.

ಪಟ್ಟಿಯಲ್ಲಿ ಉಳಿದವು ಮೂರು. ಅರೋವಾನದ ಬಾಯಿ ಕಾಟ್ಲಾದಂತೆಯೇ ಮೇಲ್ಮುಖ, ಇರುವುದೂ ಮೇಲ್ಪದರದಲ್ಲೇ. ಆದರೆ ಬೆಳೆದರೆ ಮೂರಡಿ ಹತ್ತಿರವಾಗುತ್ತದೆ, ಹಾರಿ ಹೊರಬೀಳುತ್ತದೆ. ಮೂರಡಿ ಅಗಲದ ತೊಟ್ಟಿ ಅದಕ್ಕೂ ಇಕ್ಕಟ್ಟೇ. ಹುಡುಗನಿಗೆ ಬಹಳ ಆಸೆಯಿದ್ದರೂ ಅದನ್ನು ಬಿಡಬೇಕಾಯಿತು. ಸಿಲ್ವರ್ ಡಾಲರ್ ಎಂಬ ದುಂಡನೆಯ ಬೆಳ್ಳಿ ಮೀನು ನಡುನೀರಿನದು, ಸೊಪ್ಪು ತಿನ್ನುವುದೇ ಹೆಚ್ಚು, ಒಂಟಿಯಾಗಿದ್ದರೆ ಪುಕ್ಕಲು. ಸೆವೆರಮ್ ಸ್ವಲ್ಪ ಗಂಭೀರ ಸ್ವಭಾವದ್ದು. ಎರಡೂ ದಕ್ಷಿಣ ಅಮೆರಿಕದವೇ. 26–28 ಡಿಗ್ರಿಯ ಅದೇ ಬೆಚ್ಚನೆಯ ನೀರು ಸಾಕು. ಅವುಗಳಿಗೆ ಒಂದು ತುದಿಯಲ್ಲಿ ತೇಲುವ ಆಹಾರ ಮೊದಲು ಹಾಕಿ, ಅವು ಅತ್ತ ಇದ್ದಾಗ ಇನ್ನೊಂದು ತುದಿಯಲ್ಲಿ ಎರೆಹುಳು, ಸಿಗಡಿ ಮುಳುಗಿಸಬೇಕು. ಸಿಗಡಿ ಮನೆಯ ಫ್ರಿಜ್ಜಿನಲ್ಲಿಡಲು ತಾಯಿ ಒಪ್ಪಲಿಲ್ಲ. ಮಾವ ತಿಪ್ಪೆ ಕೆದರಿ ಎರೆಹುಳು ಸಾಕುವ ಬಗೆ ಹೇಳಿಕೊಟ್ಟರು.

ಹೊರಡುವಾಗ ಹುಡುಗ ಸಹಜವಾಗಿ ಅಂದ: "ಆ ಸಕ್ಕರ್ ಹೊಳಿಗೆ ಬಿಟ್ಟು ಬರ್ತೀನಿ. ಪಾಪ, ಬದಕ್ಕೋತದ."

ಮಾವ ಅಷ್ಟು ಸಿಟ್ಟಾದದ್ದನ್ನು ಅವನು ನೋಡಿರಲಿಲ್ಲ. ಬದುಕಿಕೊಳ್ಳುತ್ತದೆ ಎಂಬುದೇ ಅವರ ಸಿಟ್ಟಿಗೆ ಕಾರಣ. ಸಕ್ಕರ್ ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಗಟ್ಟಿ ಮುಳ್ಳಿನಿಂದ ಬಲೆ ಹರಿಯುತ್ತದೆ, ಕೊಳ್ಳುವವರಿಲ್ಲ. ಆಂಧ್ರ, ತೆಲಂಗಾಣದ ಮೀನುಗಾರರಿಗೆ ಅದು ಆಗಲೇ ತಲೆನೋವಾಗಿದೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ನೀರಿನಲ್ಲಿನ ಡಿಎನ್‌ಎ ಕುರುಹು ಹಿಡಿದು ಪೂರ್ವಘಟ್ಟದ ಅನೇಕ ಕೆರೆ, ಜಲಾಶಯಗಳಲ್ಲಿ ಅದನ್ನು ಪತ್ತೆ ಮಾಡಿದ್ದಾರೆ. ಜಮಖಂಡಿ ಪಕ್ಕದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ಹಣ ಹಾಕಿ, ಮೈಮುರಿದು ದುಡಿದು ಶ್ರಮಬಿಂದು ಸಾಗರ ಕಟ್ಟಿಕೊಂಡ ನೀರು ಇದು. ಒಬ್ಬರ ಮನೆಯ ತೊಟ್ಟಿಗೆ ಬೇಡವಾದದ್ದನ್ನು ಅದಕ್ಕೆ ಸುರಿಯುವುದೆಂದರೇನು? ಸಕ್ಕರ್ ಹಳೆಯ ತೊಟ್ಟಿಯಲ್ಲಿ ಉಳಿಯಿತು. ಪ್ರತ್ಯೇಕ ಇಡುವ ಕೆಲಸಕ್ಕೆ ಬೇರೊಂದು ಪ್ಲಾಸ್ಟಿಕ್ ಟಬ್ಬು ಬಂತು.

ಇನ್ನೂ ಒಬ್ಬಳ ವಿಚಾರವಿತ್ತು. ಮೂರನೆಯ ತರಗತಿಯ ತಂಗಿ. ಹಳೆಯ ತೊಟ್ಟಿಗೆ ಮೊಣಕೈವರೆಗೆ ಕೈ ಬಿಟ್ಟು ಮೀನಿಗೆ ತಿನ್ನಿಸುವುದು ಅವಳ ಆಟ. ಸ್ಟಿಂಗ್‌ರೇ ತಾನಾಗಿ ಮೈಮೇಲೆ ಬರುವ ಪ್ರಾಣಿಯಲ್ಲ. ಆದರೆ ಮರಳಿನಲ್ಲಿ ಹುದುಗಿದ್ದಾಗ ಒತ್ತಿದರೆ ಬಾಲ ಬೀಸುತ್ತದೆ. ಮುಳ್ಳು ಚುಚ್ಚಿದರೆ ನೋವು ಘೋರ. ಸಹಿಸುವಷ್ಟು ಬಿಸಿ ನೀರಿನಲ್ಲಿ ಅದ್ದಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತೊಟ್ಟಿಗೆ ಬೀಗದ ಮುಚ್ಚಳ ಮಾಡಿಸಿದರು. ಕೀಲಿ ತಂದೆಯ ಜನಿವಾರದ ಜಾಗದಲ್ಲಿ, ಅಂದರೆ ಉಡದಾರದಲ್ಲಿ ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ತೊಟ್ಟಿ ಬಂತು. ತೆಳು ಮರಳು ಹಾಸಿದರು. ಚೂಪು ಕಲ್ಲು ಹೊಟ್ಟೆ ಗೀರುತ್ತದೆಂದು ಹರಳು ಬೇಡ. ಹೀಟರಿಗೆ ಜಾಲರಿಯ ಕವಚ, ಪಂಪಿಗೆ ಇನ್ವರ್ಟರ್. ನೀರು ತುಂಬಿದ ಮಾತ್ರಕ್ಕೆ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲೆರಡು ಲವಲೇಶ ಇದ್ದರೂ ಸ್ಟಿಂಗ್‌ರೇಗೆ ಅಪಾಯ.

ಆ ಆರು ವಾರದೊಳಗೇ ಹುಡುಗನಿಗೆ ಧಾರವಾಡದಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು. ಸಂಭ್ರಮ ಮುಗಿದ ಮೇಲೆ ರಾತ್ರಿ ಊಟಕ್ಕೆ ಕೂತಾಗ ತಂದೆ ಕೇಳಿದರು, "ಅದು ಎಷ್ಟ್ ವರ್ಷ ಬದುಕ್ತದ?"

"ಚಲೋ ನೋಡಿಕೊಂಡ್ರ ಹತ್ತು ಹದಿನೈದು."

"ನೀ ಹಾಸ್ಟೆಲ್ಲಿಗೆ ಹ್ವಾದ ಮ್ಯಾಲೆ ಅದಕ್ಕ ಜೊತಿ ಯಾರು?"

ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಹುಡುಗ ಬಹಳ ಹೊತ್ತು ಸುಮ್ಮನೆ ಕುಳಿತ. ಬೇಡವೆಂದರೆ ತೊಟ್ಟಿ ಮಾರಬಹುದು ಎಂದ. ತಂದೆ ಅದಕ್ಕೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗುವ ಮುನ್ನ, "ಆ ನೀರಿನ ಪರೀಕ್ಷೆ ಹ್ಯಾಂಗ ಮಾಡ್ತಿ ತೋರ್ಸು" ಎಂದು ಬಂದು ನಿಂತರು. ಎಷ್ಟು ಹನಿ, ಎಷ್ಟು ನಿಮಿಷ, ಯಾವ ಬಣ್ಣ ಎಂದು ಮಗ ತೋರಿಸಿದ. ನೂಲಿಗೆ ಬಣ್ಣ ಕಟ್ಟುವ ಮನೆತನದ ಕಣ್ಣು. ತಿಳಿನೀಲಿಗೂ ನಸುನೇರಳೆಗೂ ಇರುವ ಅಂತರ ಮಗನಿಗಿಂತ ಅವರಿಗೇ ಬೇಗ ಹಿಡಿಯಿತು.

ಈಗ ತೊಟ್ಟಿಯಲ್ಲಿ ಐದು ಸಿಲ್ವರ್ ಡಾಲರ್, ಎರಡು ಸೆವೆರಮ್ ಇವೆ. ಮರಳು ಇನ್ನೂ ಖಾಲಿ. ದೀಪಾವಳಿ ರಜೆಗೆ ಮಗ ಬಂದಾಗ ಮರಿ ತರುವುದೋ ಬೇಡವೋ ನೋಡೋಣ ಎಂದಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದು, ದೀಪ ಹಾಕದೆ, ಅಜ್ಜನ ಮಗ್ಗವಿದ್ದ ಕಡೆ ಸ್ಟೂಲು ಎಳೆದುಕೊಂಡು ಸ್ವಲ್ಪ ಹೊತ್ತು ಕೂಡುತ್ತಾರೆ. ಮೊನ್ನೆ ಧಾರವಾಡಕ್ಕೆ ಫೋನು ಹೋದದ್ದು ರಾತ್ರಿ ಹನ್ನೊಂದಕ್ಕೆ. "ನೈಟ್ರೈಟ್ ಸೊನ್ನಿ ಬಂತು ನೋಡಪಾ. ಸತತ ಎಂಟು ದಿನ ಆತು."