ಟ್ಯಾಲಿ, ಚಿನ್ನಿ ಮತ್ತು ನಾನು ಡಿಲೀಟ್ ಮಾಡಿದ ರೀಲ್

1/6

"ಟ್ಯಾಲಿ ಬೆಕ್ಕನ್ನ ಅಟ್ಟಿಸ್ಕೊಂಡು ಹೋಗೋ ರೀಲ್ ಎಲ್ಲಿ ಹೋಯ್ತು?" ಅಂತ ಸುಮಾರು ಜನ ಕೇಳ್ತಾನೇ ಇದ್ದೀರ. ಡಿಲೀಟ್ ಮಾಡಿ 4 ತಿಂಗಳಾಯ್ತು. ಮೊನ್ನೆ ಯಾರೋ ಸೇವ್ ಮಾಡಿಟ್ಟುಕೊಂಡಿದ್ದನ್ನ ನಮ್ಮ ಕ್ಲಾಸ್ ಗ್ರೂಪಲ್ಲಿ ಮತ್ತೆ ಹಾಕಿದ್ರು. ಎಲ್ರೂ ಮತ್ತೆ ನಕ್ಕರು. ನಂಗೆ ನಗು ಬರಲಿಲ್ಲ. ಯಾಕೆ ಅಂತ ಒಂದು ಸಾಲಲ್ಲಿ ಹೇಳಕ್ಕಾಗಲ್ಲ, ಅದಕ್ಕೇ ಈ 6 ಪೋಸ್ಟ್. ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ಹೊಸಬರಿಗೆ ಪರಿಚಯ. ಫೋಟೋದಲ್ಲಿ ಸೋಫಾ ಮೇಲೆ ನಾಲ್ಕೂ ಕಾಲು ಮೇಲೆತ್ತಿ ಮಲಗಿರೋನೇ ಟ್ಯಾಲಿ. ವಯಸ್ಸು 3. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಪ್ಪನ ಸ್ನೇಹಿತರೊಬ್ಬರು ಬಾಗಲಕೋಟೆ ಕಡೆಯಿಂದ ತಂದುಕೊಟ್ಟ ಮರಿ. ಆಗ ನನ್ನ ಟ್ರಯಲ್ ಬ್ಯಾಲೆನ್ಸ್ ಒಂದು ಸಲಕ್ಕೂ ಟ್ಯಾಲಿ ಆಗ್ತಿರಲಿಲ್ಲ, ಪುಸ್ತಕದ ಮುಂದೆ ಕೂತು ಅಳ್ತಿದ್ದೆ. "ಪುಸ್ತಕದಲ್ಲಿ ಆಗದಿದ್ರೆ ಬಿಡು, ಮನೇಲಾದ್ರೂ ಒಂದು ಟ್ಯಾಲಿ ಇರ್ಲಿ" ಅಂತ ಅಪ್ಪ ಇಟ್ಟ ಹೆಸರು.

ತಾಯಿ ಮುಧೋಳ, ತಂದೆ ಯಾವುದೋ ಬೀದಿ ನಾಯಿ. ಉದ್ದ ಮೂತಿ, ಸಣ್ಣ ನಡು, ಕಡ್ಡಿಯಂಥ ಕಾಲು ತಾಯಿಯಿಂದ ಬಂದಿದ್ದು. ಸುರುಳಿ ಬಾಲ ಮತ್ತು ಯಾರ ಮನೆ ಊಟವಾದ್ರೂ ನಡೆಯುತ್ತೆ ಅನ್ನೋ ಗುಣ ತಂದೆಯಿಂದ. ಮನೆ ಒಳಗೆ ಇವನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಕುಕ್ಕರ್ ಕೂಗಿದ್ರೆ ಮಂಚದ ಕೆಳಗೆ ಓಡ್ತಾನೆ. ದೀಪಾವಳಿ ಮೂರು ದಿನ ಬಚ್ಚಲುಮನೆ ಬಿಟ್ಟು ಬರಲ್ಲ. ನನ್ನ ತಂಗಿ ತಲೆಗೆ ಟೋಪಿ ಹಾಕಿ ಲಿಪ್‌ಸ್ಟಿಕ್ ಹಚ್ಚೋಕೆ ಹೋದ್ರೂ ಸುಮ್ನೆ ಕೂತಿರ್ತಾನೆ.

ಅದೇ ಬೆಕ್ಕು ಕಂಡ್ರೆ? ನಮ್ಮನೆ ನಾಯಿನೇ ಅಲ್ಲ.

2/6

ನಮ್ಮನೆ ಇರೋದು ಮೈಸೂರಿನ ಒಂದು ಹಳೇ ಬಡಾವಣೆಯಲ್ಲಿ. ಸಣ್ಣ ರಸ್ತೆ, ಮೊಣಕಾಲೆತ್ತರದ ಕಾಂಪೌಂಡುಗಳು, ಬೀದಿಗೆ ನೆರಳು ಕೊಡೋ ಹೊಂಗೆ ಮರ. ಭಾನುವಾರ ಬೆಳಗ್ಗೆ ಮೀನಿನವರ ಟಿವಿಎಸ್ ಹಾರನ್ ಕೇಳಿದ ತಕ್ಷಣ ಎಲ್ಲಿದ್ವೋ ಏನೋ, ಗೋಡೆ ಮೇಲಿಂದ, ಕಾರಿನ ಕೆಳಗಿಂದ, ತಾರಸಿಯಿಂದ ಬೆಕ್ಕುಗಳು ಉದುರುತ್ವೆ. ನಾನು ಎಣಿಸಿದಾಗ 7 ಇದ್ವು.

ಮುಧೋಳ ತಳಿ ವಾಸನೆಗಿಂತ ಕಣ್ಣನ್ನ ನಂಬಿ ಬೇಟೆಯಾಡೋ ನಾಯಿ. ಮೊಲದ ಹಿಂದೆ ಓಡಕ್ಕೆ ಅಂತಲೇ ಸಾಕಿ ಬೆಳೆಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ಕೂಡ ತಂದಿದೆ. ಸ್ಟಾಂಪಲ್ಲಿ ತುಂಬಾ ಗಂಭೀರವಾಗಿ ಕಾಣುತ್ತೆ. ನಮ್ಮ ಕ್ರಾಸಲ್ಲಿ ಆ ಗಾಂಭೀರ್ಯ ಎಲ್ಲ ಇಲ್ಲ.

ಟ್ಯಾಲಿ ಬೆಕ್ಕು ನೋಡಿದಾಗ ಏನಾಗುತ್ತೆ ಅಂತ ನಾನು ನೂರು ಸಲ ನೋಡಿದ್ದೀನಿ. ಮೊದಲು ನಿಂತುಬಿಡ್ತಾನೆ. ಮುಂದಿನ ಒಂದು ಕಾಲು ಗಾಳಿಯಲ್ಲಿ. ಬಾಯಿ ಮುಚ್ಚುತ್ತೆ. ತಲೆ ಮೆಲ್ಲಗೆ ತಗ್ಗುತ್ತೆ. ಆ ಹೊತ್ತಿಗೆ ಹೆಸರು ಕೂಗಿದ್ರೂ, ಕಿವಿ ಹತ್ರ ಬಿಸ್ಕೆಟ್ ಪ್ಯಾಕೆಟ್ ಸದ್ದು ಮಾಡಿದ್ರೂ ಅವನಿಗೆ ಕೇಳಲ್ಲ. ಬೆಕ್ಕು ಓಡಿತೋ, ಇವನೂ ಹೋದ. ಓಡದಿದ್ರೆ ಇವನಿಗೆ ಮುಂದೇನು ಮಾಡಬೇಕು ಅಂತ ಗೊತ್ತಾಗಲ್ಲ. ಕಿವಿ ಹರಿದ ಕೆಂಚ ಅಂತ ಒಂದು ಗಂಡು ಬೆಕ್ಕಿದೆ. ಅದು ಕದಲೋದೇ ಇಲ್ಲ, ಕೂತಲ್ಲೇ ಕೂತು ಗುರಾಯಿಸುತ್ತೆ. ಟ್ಯಾಲಿ ಎರಡು ನಿಮಿಷ ನಿಂತು, ಆಮೇಲೆ ಬೇರೆ ಏನೋ ಕೆಲಸ ನೆನಪಾದವನ ಥರ ಕಂಬ ಮೂಸೋಕೆ ಹೋಗ್ತಾನೆ.

ಇದೆಲ್ಲ ನಂಗೆ ಕಾಮಿಡಿ. ಒಂದಿನ ಸ್ಲೋ ಮೋಷನ್ ಮಾಡಿ, ಸಿನಿಮಾ ಫೈಟಿನ ಮ್ಯೂಸಿಕ್ ಸೇರಿಸಿ, "ಇವತ್ತೂ ಮ್ಯಾಚ್ ಡ್ರಾ" ಅಂತ ಬರೆದು ಹಾಕಿದೆ. 41 ಸಾವಿರ ವ್ಯೂಸ್. ನನ್ನ ಬೇರೆ ಯಾವ ರೀಲೂ 800 ದಾಟಿರಲಿಲ್ಲ. ಕ್ಯಾಂಟೀನಲ್ಲಿ ಪರಿಚಯ ಇಲ್ಲದ ಸೀನಿಯರ್ಸ್ ಕೂಡ "ಟ್ಯಾಲಿ ಅಕ್ಕ" ಅಂತ ಕರೆದ್ರು. ಯಾರೋ ಒಬ್ರು "ಪಾಪ ಬೆಕ್ಕು" ಅಂತ ಕಾಮೆಂಟ್ ಹಾಕಿದ್ದಕ್ಕೆ "ಬೆಕ್ಕಿಗೂ ವಾಕಿಂಗ್ ಬೇಡ್ವಾ?" ಅಂತ ಉತ್ತರ ಕೊಟ್ಟೆ. ಅದಕ್ಕೇ 300 ಲೈಕ್.

ಇಲ್ಲಿವರೆಗೂ ಯಾರಿಗೂ ಹೇಳದ ಮಾತು ಒಂದಿದೆ. ಆಮೇಲೆ ಎರಡು ಮೂರು ಸಲ, ಬೀದಿಯಲ್ಲಿ ಬೆಕ್ಕಿದೆ ಅಂತ ಗೊತ್ತಿದ್ದೂ, ಫೋನ್ ರೆಡಿ ಇಟ್ಟುಕೊಂಡು ಗೇಟಿನ ಚಿಲಕ ತೆಗೆದವಳು ನಾನೇ.

3/6

ಮೂಲೆ ಮನೇಲಿ ಒಬ್ರು ಅಜ್ಜಿ ಇದ್ದಾರೆ. ಒಬ್ಬರೇ. ಮಗ, ಸೊಸೆ, ಮೊಮ್ಮಗ ಬೆಂಗಳೂರಲ್ಲಿ. ದಿನಾ ಸಂಜೆ ಜಗಲಿ ಮೇಲೆ ಕೂತು ಹೂ ಕಟ್ತಾರೆ. ಪಕ್ಕದಲ್ಲಿ ಚಿನ್ನಿ. ಬಿಳಿ ಬೆಕ್ಕು, ಬಾಲ ಮಾತ್ರ ಬೂದಿ ಬಣ್ಣ, ಒಂದು ಕಣ್ಣು ಮಂಜು. ತಾತ ಇದ್ದಾಗ ಮಳೇಲಿ ನೆನೆದು ಬಂದಿದ್ದನ್ನ ಅವರೇ ಟವೆಲಲ್ಲಿ ಒರೆಸಿ ಒಳಗೆ ತಂದ್ರಂತೆ.

ಅಜ್ಜಿಗೆ ಟ್ಯಾಲಿ ಕಂಡ್ರೂ ಇಷ್ಟ. ನಾವು ವಾಕಿಂಗ್ ಹೋಗುವಾಗ ದಿನಾ ಒಂದು ಮಾರಿ ಬಿಸ್ಕೆಟ್. ಮೊದಲು ಚಿನ್ನಿಯನ್ನ ಒಳಗೆ ಕಳಿಸಿ, ಬಾಗಿಲು ಹಾಕಿ, ಆಮೇಲೆ "ಬಾರಪ್ಪ ರಾಜ" ಅಂತ ಇವನನ್ನ ಕರೆಯೋರು.

ಇಂಟರ್ನಲ್ಸ್ ಮುಗಿದ ದಿನ. ಸಂಜೆ 6 ಗಂಟೆ. ಸ್ಕೂಟಿ ಒಳಗೆ ತರೋಣ ಅಂತ ಗೇಟು ತೆಗೆದೆ. ಆವತ್ತು ವಿಡಿಯೋ ಗಿಡಿಯೋ ಏನೂ ತಲೇಲಿರಲಿಲ್ಲ, ಬರೀ ಅಜಾಗರೂಕತೆ. ಟ್ಯಾಲಿ ನನ್ನ ಕಾಲ ಸಂದಿಯಿಂದ ನುಗ್ಗಿದ. ಚಿನ್ನಿ ಅಜ್ಜಿ ಮನೆ ತುಳಸಿ ಕಟ್ಟೆ ಹತ್ರ ಮಲಗಿದ್ದಳು. ಎದ್ದಳು, ಓಡಿದಳು, ಕಾಂಪೌಂಡಿಗೆ ಹಾರಿದಳು. ಮೊದಲಾದ್ರೆ ಸಲೀಸಾಗಿ ಹತ್ತುತ್ತಿದ್ದಳೇನೋ. ವಯಸ್ಸಾಗಿತ್ತು. ಮುಂಗಾಲು ಸಿಕ್ತು, ಹಿಂಗಾಲು ಜಾರಿತು.

ಟ್ಯಾಲಿ ಅವಳನ್ನ ನಡುವಿಗೆ ಬಾಯಿ ಹಾಕಿ ಹಿಡಿದ. ಒಂದು ಸಲ ಕೊಡವಿದ.

ನಾನು ಕಿರುಚಿ ಕಾಲರ್ ಎಳೀತಿದ್ದೆ. ಅಜ್ಜಿ ಕಿರುಚಲಿಲ್ಲ. ಹೂವಿನ ಬುಟ್ಟಿ ಬಿದ್ದಿದ್ದೂ ನೋಡದೆ ಇಳಿದು ಬಂದು, ಕೈ ಮುಗಿಯೋ ಥರ ಹಿಡಿದು, "ಬಿಡಪ್ಪ ಟ್ಯಾಲಿ, ಬಿಡಪ್ಪ ರಾಜ, ಬಿಡಪ್ಪ" ಅಂತಿದ್ರು. ಬಿಸ್ಕೆಟ್ ಕೊಡೋವಾಗಿನ ದನಿಯಲ್ಲೇ. ಕೊನೆಗೆ ತುಳಸಿಗೆ ಅಂತ ಇಟ್ಟಿದ್ದ ಚೊಂಬಿನ ನೀರನ್ನ ಅವನ ಮುಖಕ್ಕೆ ಎರಚಿದ್ರು. ಬಿಟ್ಟ. ಎತ್ತಿಕೊಳ್ಳೋಕೆ ಹೋದಾಗ ಚಿನ್ನಿ ನನ್ನ ಮಣಿಕಟ್ಟಿಗೆ ಕಚ್ಚಿದಳು. ತಪ್ಪಿಲ್ಲ ಅವಳದ್ದು.

ಟ್ಯಾಲಿ ಪಕ್ಕದಲ್ಲೇ ನಿಂತಿದ್ದ. ಮೂತಿಗೆ ಬಿಳಿ ಕೂದಲು ಅಂಟಿಕೊಂಡಿತ್ತು. ಬಾಲ ಅಲ್ಲಾಡಿಸ್ತಾ ನನ್ನ ಮುಖ ನೋಡ್ತಿದ್ದ. ನಾನು ವಿಡಿಯೋ ಮುಗಿಸಿ "ಸೂಪರ್ ಕಣೋ" ಅಂದಾಗ ನೋಡ್ತಿದ್ದನಲ್ಲ, ಅದೇ ನೋಟ.

4/6

ಬಟ್ಟೆ ಬುಟ್ಟಿಗೆ ಅಜ್ಜಿಯ ಹಳೇ ಕಾಟನ್ ಸೀರೆ ಹಾಸಿ, ಚಿನ್ನಿಯನ್ನ ಮಲಗಿಸಿ ಆಟೋದಲ್ಲಿ ಹೊರಟ್ವಿ. ಹೊರಗಡೆ ನೋಡಿದ್ರೆ ಬರೀ ಎರಡು ಸಣ್ಣ ತೂತು. "ಅಷ್ಟೇನಾ" ಅನ್ನಿಸ್ತು ನಂಗೆ. ಡಾಕ್ಟರ್ ಕೂದಲು ಬೋಳಿಸಿದ ಮೇಲೆ ಗೊತ್ತಾಯ್ತು. ಚರ್ಮದ ಕೆಳಗೆಲ್ಲ ನೇರಳೆ ಬಣ್ಣ. ನಾಯಿ ಹಿಡಿದು ಕೊಡವಿದಾಗ ಬೆಕ್ಕಿನ ಸಡಿಲ ಚರ್ಮ ಜಾರಿಕೊಳ್ಳುತ್ತೆ, ಒಳಗಿನ ಮಾಂಸ ಹರಿಯುತ್ತೆ. ಹೊರಗಿನ ಗಾಯ ನೋಡಿ ಏನೂ ಆಗಿಲ್ಲ ಅಂದ್ಕೊಂಡು ಮನೇಲಿಟ್ಟುಕೊಂಡ್ರೆ ಒಳಗೇ ಕೀವಾಗುತ್ತೆ. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಚಿನ್ನಿ ಗುರ್ ಗುರ್ ಅಂತಿದ್ದಳು. "ನೋಡಿ ಡಾಕ್ಟ್ರೇ, ಗುರ್ ಅಂತಿದಾಳೆ, ಪರವಾಗಿಲ್ಲ ಅಲ್ವಾ?" ಅಂದ್ರು ಅಜ್ಜಿ. ಡಾಕ್ಟರ್ ಒಂದು ಕ್ಷಣ ಸುಮ್ನಿದ್ದು, "ನೋವಾದಾಗಲೂ ಬೆಕ್ಕು ಹಾಗೆ ಮಾಡ್ತವಮ್ಮ" ಅಂದ್ರು.

ಆಮೇಲೆ ನನ್ನ ಕೈ ನೋಡಿ ಬೈದ್ರು. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಸಿದ್ರು. ನಾಯಿ ಅಷ್ಟೇ ಅಲ್ಲ, ಬೆಕ್ಕು ಕಚ್ಚಿ ರಕ್ತ ಬಂದ್ರೂ ರೇಬೀಸ್ ಲಸಿಕೆ ಹಾಕಿಸ್ಕೊಳ್ಳಲೇಬೇಕು. ಸರ್ಕಾರಿ ಆಸ್ಪತ್ರೆಗೆ ಹೋದೆ. ಗಾಯದ ಸುತ್ತ ಒಂದು ಬೇರೆ ಇಂಜೆಕ್ಷನ್, ಆಮೇಲೆ ಲಸಿಕೆ. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. "ಮನೆ ಬೆಕ್ಕು ತಾನೇ" ಅಂತ ಅರಿಶಿನ ಹಚ್ಚಿ ಸುಮ್ನಾಗಬೇಡಿ.

ಚಿನ್ನಿ ಎರಡು ದಿನ ಡ್ರಿಪ್ ಮೇಲಿದ್ದಳು. ಬಿಲ್ 4,600. ಎಂಟನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿಟ್ಟಿದ್ದನ್ನ ಪೂರ್ತಿ ಕೊಟ್ಟೆ, ಉಳಿದದ್ದು ಅಪ್ಪ ಕೊಟ್ರು.

ಆವತ್ತು ರಾತ್ರಿ ವಾಪಸ್ ಬರುವಾಗ ಆಟೋದಲ್ಲಿ ಅಜ್ಜಿ ಬೈತಾರೆ ಅಂತ ಕಾಯ್ತಿದ್ದೆ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು. ಖಾಲಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕೂತಿದ್ರು. ಅರ್ಧ ದಾರಿಯಲ್ಲಿ ಕೇಳಿದ್ರು: "ಮಗಳೇ, ಆ ವಿಡಿಯೋದಲ್ಲಿ ಇದ್ದಿದ್ದು ನಮ್ಮ ಚಿನ್ನಿನೇ ಅಲ್ವಾ? ಬಾಲ ನೋಡಿ ಗೊತ್ತಾಯ್ತು. ಮೊಮ್ಮಗ ತೋರಿಸ್ದ. ಅಲ್ಲಿ ಎಲ್ರೂ ನಗ್ತಿದ್ರು, ನಾನೂ ನಕ್ಕೆ."

ನಂಗೆ ಅಲ್ಲಿವರೆಗೂ ಅದು ಯಾವ ಬೆಕ್ಕು ಅಂತ ಗೊತ್ತೇ ಇರಲಿಲ್ಲ. ನೋಡೇ ಇರಲಿಲ್ಲ. 41 ಸಾವಿರ ಸಲ ಓಡಿದ ರೀಲಲ್ಲಿ ನಾನು ನೋಡಿದ್ದು ಟ್ಯಾಲಿಯನ್ನ ಮಾತ್ರ. ಆಟೋದಲ್ಲೇ ಡಿಲೀಟ್ ಮಾಡಿದೆ.

5/6

ಮನೆಗೆ ಬಂದು ಟ್ಯಾಲಿಗೆ ಹೊಡೆದೆ. ಚಪ್ಪಲಿ ತಗೊಂಡು. ಇದನ್ನೂ ಬರೀಬೇಕು, ಇಲ್ಲಾಂದ್ರೆ ನಾನು ಒಳ್ಳೆಯವಳ ಥರ ಕಾಣ್ತೀನಿ. ಅವನು ಮಂಚದ ಕೆಳಗೆ ಹೋಗಿ, ಕುಕ್ಕರ್ ಕೂಗಿದಾಗ ನೋಡೋ ಹಾಗೆ ನೋಡಿದ. "ಅವನಿಗೇನು ಗೊತ್ತೇ? ಗೇಟು ತೆಗೆದೋಳು ನೀನು" ಅಂದ್ಳು ಅಮ್ಮ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬೀದಿಯಲ್ಲಿ ಆಗಲೇ ಪಂಚಾಯ್ತಿ ಶುರುವಾಗಿತ್ತು. ಎದುರು ಮನೆ ಅಂಕಲ್ "ರಿಂಗ್ ರೋಡ್ ಆಚೆ ಬಿಟ್ಟು ಬನ್ನಿ" ಅಂದ್ರು. ಇನ್ನೊಬ್ರು "ಇಪ್ಪತ್ನಾಲ್ಕು ಗಂಟೆ ಕಟ್ಟಿಹಾಕಿ" ಅಂದ್ರು. ನಂಗೆ ಉತ್ತರ ಇರಲಿಲ್ಲ.

ನಮ್ಮ ಬಿಕಾಂ ಬಂಧುಗಳಿಗೆ ಅರ್ಥ ಆಗೋ ಭಾಷೇಲಿ ಹೇಳ್ತೀನಿ. ಕಂಟಿಂಜೆಂಟ್ ಲಯಬಿಲಿಟಿ ಓದಿದ್ದೀವಲ್ಲ? ಮುಂದೆ ಆಗಲೂಬಹುದು, ಆಗದೆಯೂ ಇರಬಹುದು ಅನ್ನೋ ಹೊರೆ. ಬ್ಯಾಲೆನ್ಸ್ ಶೀಟಿನ ಲೆಕ್ಕಕ್ಕೆ ಸೇರಲ್ಲ, ಟಿಪ್ಪಣಿಯಲ್ಲಿ ಬರೀತಾರೆ. ಆದ್ರೆ ಆಗೋದೇ ಹೆಚ್ಚು ಅಂತ ಗೊತ್ತಾದ ಮೇಲೂ ಟಿಪ್ಪಣಿಯಲ್ಲೇ ಬಿಡೋ ಹಾಗಿಲ್ಲ, ಅದಕ್ಕೆ ಅಂತ ದುಡ್ಡು ತೆಗೆದಿಡಬೇಕು. ಪರೀಕ್ಷೇಲಿ ಇದಕ್ಕೆ ಫುಲ್ ಮಾರ್ಕ್ಸ್ ತಗೊಂಡಿದ್ದೀನಿ. ನಮ್ಮ ಗೇಟಿನ ಚಿಲಕ 8 ತಿಂಗಳಿಂದ ಸಡಿಲ ಇತ್ತು. ವೆಲ್ಡಿಂಗ್‌ಗೆ ಆಗಿದ್ದು 250 ರೂಪಾಯಿ.

ಡಾಕ್ಟರ್ ಹೇಳಿಕೊಟ್ಟಿದ್ದನ್ನ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗಬಹುದು.

ಓಡೋದೇ ನಾಯಿಗೆ ಬಹುಮಾನ. ಬೆಕ್ಕು ಸಿಗದಿದ್ರೂ ಸರಿ, ಪ್ರತಿ ಸಲ ಓಡಿದಾಗ ಅಭ್ಯಾಸ ಇನ್ನೂ ಗಟ್ಟಿ ಆಗುತ್ತೆ. ಅಂದ್ರೆ "ಮ್ಯಾಚ್ ಡ್ರಾ" ಅಂತ ಬರೆದ ದಿನವೂ ನಾನು ಅವನಿಗೆ ಟ್ರೈನಿಂಗ್ ಕೊಡ್ತಿದ್ದೆ.

ಓಡಿ ವಾಪಸ್ ಬಂದಮೇಲೆ ಹೊಡೆದ್ರೆ ಅವನು ಕಲಿಯೋದು "ವಾಪಸ್ ಹೋದ್ರೆ ಏಟು" ಅಂತ ಮಾತ್ರ.

ದೂರದಲ್ಲೇ ಶುರು ಮಾಡಬೇಕು. ಬೆಕ್ಕು ಕಾಣಬೇಕು, ಆದ್ರೆ ಅವನು ಕಲ್ಲಾಗಿ ನಿಂತುಬಿಡೋಷ್ಟು ಹತ್ರ ಇರಬಾರದು. ನೋಡಿದ ತಕ್ಷಣ ಹೆಸರು ಕರೆದು, ನನ್ನ ಕಡೆ ತಿರುಗಿದ್ರೆ ಬೇಯಿಸಿದ ಚಿಕನ್ ತುಂಡು. ಬಿಸ್ಕೆಟ್ ಸಾಲಲ್ಲ, ಬೆಕ್ಕಿಗಿಂತ ರುಚಿಯಾದ್ದೇ ಬೇಕು. ದಿನಾ ಹತ್ತೇ ನಿಮಿಷ, ತಿಂಗಳುಗಟ್ಟಲೆ.

ಹೊರಗೆ ಹೋದ್ರೆ ಎದೆಪಟ್ಟಿ, ಹಗ್ಗ. ಬೆಕ್ಕು ಜಾಸ್ತಿ ಇರೋ ಕಡೆ ಬಾಯಿಗೆ ಬುಟ್ಟಿ. ನಾಲಿಗೆ ಚಾಚಿ ಉಸಿರಾಡೋಷ್ಟು, ನೀರು ಕುಡಿಯೋಷ್ಟು ಜಾಗ ಇರೋ ಬುಟ್ಟಿನೇ ಆಗಬೇಕು.

"ಹುಟ್ಟುಗುಣ ಹೋಗುತ್ತಾ?" ಅಂತ ಕೇಳಿದೆ. "ಹೋಗಲ್ಲ. ಗೇಟು ನೀವೇ ನೋಡ್ಕೋಬೇಕು" ಅಂದ್ರು.

6/6

ಈಗ ಹೇಗಿದ್ದೀವಿ ಅಂತ ಹೇಳಿ ಮುಗಿಸ್ತೀನಿ.

ಚಿನ್ನಿ ಬದುಕಿದಳು. ಎಡ ಹಿಂಗಾಲು ಸ್ವಲ್ಪ ಎಳೀತಾಳೆ. ತುಳಸಿ ಕಟ್ಟೆ ಹತ್ರ ಬರಲ್ಲ. ಬಿಸಿಲು ಬೇಕು ಅಂದ್ರೆ ಕಿಟಕಿ ಒಳಗಿನ ಕಟ್ಟೆ ಮೇಲೆ ಮಲಗ್ತಾಳೆ. ಅಜ್ಜಿಗೆ ಸಂಜೆ ಜಗಲಿ ಮೇಲೆ ಜೊತೆ ಇಲ್ಲ, ಅದಕ್ಕೇ ವಾರದಲ್ಲಿ ಎರಡು ಮೂರು ದಿನ ನಾನು ಹೋಗಿ ಕೂರ್ತೀನಿ. ಹೂ ಕಟ್ಟೋಕೆ ಕಲಿಸ್ತಿದ್ದಾರೆ. ನಾನು ಕಟ್ಟಿದ ಮಾಲೆ ದೇವರ ಫೋಟೋ ತಲುಪೋಷ್ಟರಲ್ಲಿ ಉದುರುತ್ತೆ.

ಮೊದಲ ತಿಂಗಳು ಟ್ಯಾಲಿಗೆ ಬಿಸ್ಕೆಟ್ ನಿಂತಿತ್ತು. ಅವನಿಗೆ ಅರ್ಥ ಆಗದೆ ಅವರ ಗೇಟಿನ ಮುಂದೆ ದಿನಾ ನಿಂತು ನೋಡೋನು, ನಾನು ಹಗ್ಗ ಎಳೆಯೋಳು. ನನ್ನ 28ನೇ ದಿನದ ಇಂಜೆಕ್ಷನ್ ಆದ ಸಂಜೆ ಅಜ್ಜಿನೇ ಗೇಟಿನ ಸಂದಿಯಿಂದ ಒಂದು ಬಿಸ್ಕೆಟ್ ಚಾಚಿದ್ರು. "ಬಾರಪ್ಪ" ಅಂದ್ರು. "ರಾಜ" ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಅನ್ನಲಿ ಅಂತ ಕೇಳೋ ಹಕ್ಕು ನಂಗಿಲ್ಲ.

ಟ್ಯಾಲಿ ಬದಲಾಗಿದ್ದಾನಾ? ಹೋದ ಭಾನುವಾರ ಮೀನಿನವರು ಬಂದಾಗ ಗೋಡೆ ಮೇಲೆ ಒಂದು ಬೆಕ್ಕು. ಹಗ್ಗ ನನ್ನ ಕೈಲಿತ್ತು. ಅವನು ನಿಂತ, ಕಾಲೆತ್ತಿದ, ಬಾಯಿ ಮುಚ್ಚಿದ. "ಟ್ಯಾಲಿ" ಅಂದೆ. ಒಂದು, ಎರಡು, ಮೂರು... ತಿರುಗಿ ನನ್ನ ಮುಖ ನೋಡಿದ. ಇದ್ದ ಚಿಕನ್ನೆಲ್ಲ ಕೊಟ್ಟುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಫೋನ್ ಜೇಬಲ್ಲೇ ಇತ್ತು, ತೆಗೀಲಿಲ್ಲ.

ಸೋಮವಾರ ಅದೇ ಬೆಕ್ಕಿಗೆ ಹಗ್ಗ ಎಳೆದುಕೊಂಡು ನುಗ್ಗಿ ನನ್ನ ಮೊಣಕೈ ಕಿತ್ತುಹೋಯ್ತು. ಹೀಗಿದೆ ನಮ್ಮ ಪ್ರೋಗ್ರೆಸ್.

ಆ ರೀಲ್ ಯಾರ ಫೋನಲ್ಲಾದ್ರೂ ಇದ್ರೆ ದಯವಿಟ್ಟು ತೆಗೆದುಬಿಡಿ. ತೆಗೆಯೋಕೆ ಮುಂಚೆ ಒಂದು ಸಲ ನೋಡಿ ಬೇಕಾದ್ರೆ, ಟ್ಯಾಲಿಯನ್ನ ಬಿಟ್ಟು ಮುಂದೆ ಓಡ್ತಿರೋಳನ್ನ. ಆಮೇಲೆ, "ಪಾಪ ಬೆಕ್ಕು" ಅಂತ ಬರೆದೋರೇ, ನೀವು ಇನ್ನೂ ನನ್ನ ಫಾಲೋ ಮಾಡ್ತಿದ್ರೆ, ಸಾರಿ. ನೀವೊಬ್ರೇ ಸರಿಯಾಗಿ ನೋಡಿದ್ದು.

ಇದನ್ನೆಲ್ಲ ಹಾಕೋಕೆ ಮುಂಚೆ ಅಜ್ಜಿಗೆ ಪೂರ್ತಿ ಓದಿ ಹೇಳಿ ಒಪ್ಪಿಗೆ ತಗೊಂಡೆ. ಹೂ ಕಟ್ತಾ ಕೇಳಿಸ್ಕೊಂಡ್ರು. "ಚಿನ್ನಿ ವಯಸ್ಸು ಬರೆದಿಲ್ವಲ್ಲ, 12 ಅಂತ ಹಾಕು" ಅಂದ್ರು. ಹಾಕಿದ್ದೀನಿ.

ಕೊನೇ ಫೋಟೋ ನಮ್ಮ ಗೇಟಿನ ಹೊಸ ಚಿಲಕ. ಈಗ ಎರಡಿದೆ, ಮೇಲೊಂದು ಕೆಳಗೊಂದು. ಇದಕ್ಕೆ ವ್ಯೂಸ್ ಬರಲ್ಲ ಅಂತ ಗೊತ್ತು. ಮನೇಲಿ ನಾಯಿ ಇರೋರು ಎದ್ದು ಹೋಗಿ ನಿಮ್ಮನೆ ಚಿಲಕ ಒಂದು ಸಲ ಅಲ್ಲಾಡಿಸಿ ನೋಡಿ ಬನ್ನಿ.

#ಟ್ಯಾಲಿಡೈರಿ #ಚಿನ್ನಿ #ಮೈಸೂರು