ಹರಿಹರದ ಶಂಖ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದಲ್ಲಿ, ತುಂಗಭದ್ರೆಯನ್ನು ಹರಿದ್ರಾ ನದಿಯು ಕೂಡುವೆಡೆಯಲ್ಲಿ ಹರಿಹರ ಕ್ಷೇತ್ರವಿದೆ. ಇಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನು ಅದನ್ನು ಇನ್ನಷ್ಟು ಬೆಳೆಸಿದನು. ಬಲಭಾಗ ಹರ, ಎಡಭಾಗ ಹರಿ. ಎರಡೂ ಒಂದೇ ಮೂರ್ತಿ. ಮತದ ಹೆಸರಿನಲ್ಲಿ ಕಾದಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೆ?

ಹರಿಯ ಲಾಂಛನಗಳಲ್ಲಿ ಒಂದು ಶಂಖ. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಶಂಖವೇ ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಹರಿಹರದ ಹೊಳೆಯ ನೀರು ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹರಿಯುತ್ತದೆ. ಪೂಜೆಯ ಶಂಖವಾದರೋ ಅದೇ ಪೂರ್ವ ಕರಾವಳಿಯ ದಕ್ಷಿಣದಂಚಿನಲ್ಲಿರುವ ತೂತ್ತುಕುಡಿ, ರಾಮನಾಥಪುರಗಳ ಕಡಲಿನಿಂದ ಹೆಸರಾದುದು.

ಶಂಖವು ಒಂದು ಜೀವಿಯ ಮನೆ. ನಮ್ಮ ಹಿತ್ತಲಿನ ಬಸವನಹುಳುವಿಗೆ ಅದು ಕಡಲಿನ ನಂಟ. ಬಸವನಹುಳು ಎಲೆ ಮೇಯುವ ಸಾಧುಪ್ರಾಣಿಯಾದರೆ, ಇದು ಬೇಟೆಗಾರ. ಮರಳಿನಲ್ಲಿ ಮೆಲ್ಲನೆ ಸರಿಯುತ್ತ ಅಲ್ಲಿ ಅಡಗಿದ ಹುಳುಗಳನ್ನು ಹಿಡಿದು ತಿನ್ನುತ್ತದೆ. ತನ್ನ ಮೈಯಿಂದಲೇ ಸುಣ್ಣವನ್ನು ಒಸರಿಸಿ, ಚಿಪ್ಪಿನ ಬಾಯಿಯಂಚಿಗೆ ಸೇರಿಸುತ್ತ ಮನೆಯನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಕಡಲಿನಲ್ಲಿರುವಾಗ ಚಿಪ್ಪಿಗೆ ಕಂದು ಹೊದಿಕೆ. ಅದನ್ನು ತೆಗೆದ ಮೇಲೆಯೇ ನಾವು ಕಾಣುವ ಬಿಳುಪು. ತುದಿಯನ್ನು ಕತ್ತರಿಸಿದರೆ ಊದುವ ಶಂಖವಾಗುತ್ತದೆ.

ಇದರ ಮೊಟ್ಟೆಗಳು ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಕೋಶಮಾಲೆಯೊಳಗೆ ಇರುತ್ತವೆ. ಮರಿಗಳು ಈಜಿ ದೂರ ಹೋಗುವುದಿಲ್ಲ. ಹೊರಬಂದೊಡನೆ ಅಲ್ಲಿಯೇ ತೆವಳತೊಡಗುತ್ತವೆ. ಆದುದರಿಂದ ಒಂದೆಡೆಯ ಶಂಖಗಳನ್ನೆಲ್ಲ ಬಾಚಿ ತೆಗೆದರೆ ಆ ನೆಲವು ಮತ್ತೆ ತುಂಬಲು ಬಹುಕಾಲ ಬೇಕು. ಮುಳುಗುಗಾರರು ತಂದ ಶಂಖಗಳನ್ನು ಅಳತೆಯ ಬಳೆಯಲ್ಲಿ ತೂರಿಸಿ ನೋಡಿ, ಚಿಕ್ಕವನ್ನು ಕಡಲಿಗೇ ಮರಳಿ ಬಿಡುವ ಕಟ್ಟಳೆ ಹಿಂದೆ ಅಲ್ಲಿ ನಡೆಯುತ್ತಿತ್ತು. ಅದು ವಿವೇಕದ ಕಟ್ಟಳೆ.

ಗೃಹಿಣಿಯರಿಗೆ ಒಂದು ಎಚ್ಚರಿಕೆಯ ಮಾತು. ಮೊನೆ ಮೇಲಾಗಿಸಿ ಬಾಯಿಯನ್ನು ನಮ್ಮತ್ತ ಹಿಡಿದರೆ, ಸಾಮಾನ್ಯ ಶಂಖದ ಬಾಯಿ ನಮ್ಮ ಬಲಕ್ಕೆ ಬರುತ್ತದೆ. ಎಡಕ್ಕೆ ಬರುವುದು ಬಲು ಅಪರೂಪ. ಅದನ್ನೇ ಜನರು ಬಲಮುರಿ ಎನ್ನುವರು. ಮೊನೆ ಕೆಳಗಾಗಿಸಿದರೆ ಅದರ ಬಾಯಿ ಬಲಕ್ಕೆ ಬರುವುದರಿಂದ ಆ ಹೆಸರು. ಹುಟ್ಟಿನಿಂದಲೇ ಎಡಸುರುಳಿಯಾದ ಅಮೆರಿಕೆಯ ಬೇರೊಂದು ಜಾತಿಯ ಚಿಪ್ಪನ್ನು ಬಲಮುರಿಯೆಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ನಿಜವಾದ ಶಂಖದ ಒಳಗಂಬದ ಮೇಲೆ ಮೂರು ನಾಲ್ಕು ಎದ್ದುಕಾಣುವ ಮಡಿಕೆಗಳಿರುತ್ತವೆ. ಬೆರಳಿಟ್ಟು ನೋಡಿದರೆ ತಿಳಿಯುತ್ತದೆ.

ಮನೆಯಲ್ಲಿ ಹಿರಿಯರ ಕಾಲದ ಶಂಖವಿದ್ದರೆ ಅದೇ ಸಾಕು. ಅಲಂಕಾರಕ್ಕೆಂದು ಮತ್ತೊಂದನ್ನು ತರಬೇಕಾಗಿಲ್ಲ. ಹರಿಹರಕ್ಕೆ ಹೋದಾಗ ಮಕ್ಕಳಿಗೆ ಗುಡಿಯ ಕಥೆಯೊಡನೆ ಈ ಜೀವಿಯ ಕಥೆಯನ್ನೂ ಹೇಳೋಣ.