ಮೊದಲಿನಂಗಿಲ್ಲ

ಹಳೇ ತಂಡವೊಂದು ಬಹಳ ವರ್ಷ ಸುಮ್ಮನಿದ್ದು ಮತ್ತೆ ಹೊಸ ಆಲ್ಬಂ ತಂದಾಗ ಕೇಳುಗರ ಬಾಯಿಂದ ಬರುವ ಮೊದಲ ಮಾತು ಎಲ್ಲ ಊರಲ್ಲೂ ಒಂದೇ: "ಮೊದಲಿನಂಗಿಲ್ಲ." ನಮ್ಮ ಅಪ್ಪಂದಿರು ಹಂಸಲೇಖ ಅವರ ಯಾವ ಹಾಡು ಕೇಳಿದರೂ 1987ರ 'ಪ್ರೇಮಲೋಕ'ದ ಪಕ್ಕ ಇಟ್ಟೇ ತೂಗುತ್ತಾರೆ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಈ ಒಂದು ಮಾತಿನ ಮೇಲೆ ಎರಡು ಸೆಮಿಸ್ಟರ್ ಜಗಳ ನಡೆಯಿತು. ಕಾರಣ, ಡಿಪೆಶ್ ಮೋಡ್ ಎಂಬ ಇಂಗ್ಲೆಂಡಿನ ತಂಡದ 'ಮೆಮೆಂಟೊ ಮೋರಿ' ಎಂಬ ಆಲ್ಬಂ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಿಪೆಶ್ ಮೋಡ್ 1980ರಲ್ಲಿ ಎಸೆಕ್ಸ್ ಸೀಮೆಯ ಬ್ಯಾಸಿಲ್ಡನ್ ಊರಲ್ಲಿ ಶುರುವಾದ ತಂಡ. ಗಿಟಾರ್, ಡ್ರಮ್ ಇರಬೇಕಾದ ಕಡೆ ಸಿಂಥಸೈಜರ್ ಇಟ್ಟುಕೊಂಡು ಕಟ್ಟುವ ಪಾಪ್ ಹಾಡಿಗೆ ಸಿಂಥ್‌ಪಾಪ್ ಅಂತಾರೆ. ಇ ಆ್ಯಂಡ್ ಸಿ ಬ್ರಾಂಚಿನವರಿಗೆ ಇದು ಹೊಸದೇನಲ್ಲ. ಲ್ಯಾಬಿನಲ್ಲಿ ಫಂಕ್ಷನ್ ಜನರೇಟರ್‌ನಿಂದ ನಾವು ತೆಗೆಯುವ ಸೈನ್, ಸ್ಕ್ವೇರ್, ಟ್ರಯಾಂಗಲ್ ತರಂಗಗಳೇ ಇದರ ಕಚ್ಚಾ ಮಾಲು. ಆ ತರಂಗವನ್ನು ಫಿಲ್ಟರ್‌ಗೆ ಹಾಕಿ ಬೇಡದ ಫ್ರೀಕ್ವೆನ್ಸಿ ಕತ್ತರಿಸಬೇಕು. ದನಿ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಅಂತ ಎನ್ವೆಲಪ್ ಕೊಡಬೇಕು. ಒಂದು ಸ್ವರ ತಯಾರು. ಅವರ ಮೊದಲ ಆಲ್ಬಂ 1981ರ 'ಸ್ಪೀಕ್ ಆ್ಯಂಡ್ ಸ್ಪೆಲ್'. ಆ ಹೆಸರು ಬಂದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ತಂದ, ಮಾತಾಡುವ ಆಟಿಕೆಯಿಂದ. ಪುಸ್ತಕದಲ್ಲಿ ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್ ಅಂತ ಒಂದು ಪಾಠ ಬರುತ್ತದಲ್ಲ, ಆ ಆಟಿಕೆ ಮಾತಾಡುತ್ತಿದ್ದದ್ದು ಅದೇ ವಿಧಾನದಿಂದ.

ಮೊದಲ ಆಲ್ಬಂ ಆದ ಕೂಡಲೇ ಹಾಡು ಬರೆಯುತ್ತಿದ್ದ ವಿನ್ಸ್ ಕ್ಲಾರ್ಕ್ ತಂಡ ಬಿಟ್ಟರು. ಬರೆಯುವ ಕೆಲಸ ಮಾರ್ಟಿನ್ ಗೋರ್ ಮೇಲೆ ಬಿತ್ತು. ಹಾಡುವವರು ಡೇವ್ ಗಾನ್. 1982ರಲ್ಲಿ ಸೇರಿದ ಆ್ಯಲನ್ ವೈಲ್ಡರ್ 1995ರಲ್ಲಿ ಹೊರಟರು. 1990ರ 'ವಯೊಲೇಟರ್' ಇವರ ಹೆಸರಾಂತ ಆಲ್ಬಂ. 'ಎಂಜಾಯ್ ದ ಸೈಲೆನ್ಸ್' ಇರುವುದು ಅದರಲ್ಲೇ. ಕೊನೆಗೆ ಉಳಿದ ಮೂವರು ಗಾನ್, ಗೋರ್ ಮತ್ತು ಆ್ಯಂಡಿ ಫ್ಲೆಚರ್. 2017ರಲ್ಲಿ 'ಸ್ಪಿರಿಟ್' ಬಂತು, ಆಮೇಲೆ 6 ವರ್ಷ ಹೊಸ ಆಲ್ಬಂ ಇಲ್ಲ. 2022ರ ಮೇ 26ರಂದು ಫ್ಲೆಚರ್ ತೀರಿಕೊಂಡರು, 60ನೇ ವಯಸ್ಸಿನಲ್ಲಿ. ಉಳಿದಿಬ್ಬರು 2023ರ ಮಾರ್ಚ್ 24ಕ್ಕೆ ಹೊರತಂದ 15ನೇ ಆಲ್ಬಂ ಇದು, 12 ಹಾಡು. ಹೆಸರಿನ ಅರ್ಥ: ಸಾಯುವುದುಂಟು, ನೆನಪಿರಲಿ.

ಈಗ ನಮ್ಮ ರೂಮಿನ ಅಭಿಪ್ರಾಯಗಳು.

ನಮ್ಮ ಮೆಕ್ಯಾನಿಕಲ್‌ನವ ಹಳೇ ಆಲ್ಬಂ ಎಲ್ಲ ಅರೆದು ಕುಡಿದವ. 10ಕ್ಕೆ 6 ಕೊಟ್ಟ. "ಎಲ್ಲಾ ನಿಧಾನ ಅದಲೇ. 'ವಯೊಲೇಟರ್'ನ್ಯಾಗ ಒಂದೊಂದು ಹಾಡೂ ಬಂದು ಹೊಡೀತಿತ್ತು. ಇಲ್ಲಿ ಮೊದಲನೇ ಹಾಡೇ ಎತ್ತಿನ ಬಂಡಿ ಹೊಂಟಂಗ ಹೊಂಟದ" ಅಂದ. ಹೇಳಿದ್ದರಲ್ಲಿ ಸುಳ್ಳಿಲ್ಲ. 'ಮೈ ಕಾಸ್ಮೊಸ್ ಈಸ್ ಮೈನ್' ಭಾರವಾಗಿ, ತಡೆದು ತಡೆದು ನಡೆಯುವ ಹಾಡು.

ಸಿಎಸ್‌ನವ ಈ ತಂಡದ ಹೆಸರನ್ನೇ ಕೇಳಿರಲಿಲ್ಲ. ಅವನಿಗೆ 'ಘೋಸ್ಟ್ಸ್ ಅಗೇನ್' ಬಹಳ ಹಿಡಿಸಿತು, 9 ಕೊಟ್ಟ. ಹೋಲಿಸೋಕೆ ಅವನ ಹತ್ತಿರ 'ಮೊದಲು' ಅನ್ನೋದೇ ಇಲ್ಲ. "ನಿಮ್ಮ ನೆನಪಿಗೆಲ್ಲಾ ನಾನ್ಯಾಕೆ ಮಾರ್ಕ್ಸ್ ಕಟ್ ಮಾಡ್ಲಿ?" ಅಂತ ಕೇಳಿದ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಇ ಆ್ಯಂಡ್ ಸಿಯವ ಬರೀ ಸದ್ದನ್ನೇ ಕೇಳುವವ. ನಿರ್ಮಾಪಕ ಜೇಮ್ಸ್ ಫೋರ್ಡ್ ಸದ್ದುಗಳ ನಡುವೆ ಜಾಗ ಖಾಲಿ ಬಿಟ್ಟಿದ್ದಾರೆ, ಮೂರು ಸದ್ದು ಹಿಡಿಸುವ ಕಡೆ ಒಂದೇ ಇಟ್ಟಿದ್ದಾರೆ, ಅದಕ್ಕೇ ಗಾನ್ ಅವರ ದನಿಯ ಒರಟು ಕೂಡ ಕೇಳಿಸುತ್ತದೆ ಅಂದ. 8.

ಸಿವಿಲ್‌ನವ ಮಾರ್ಕ್ಸ್ ಕೊಡಲಿಲ್ಲ. ಅವನು ಮಾದನಹಿಪ್ಪರಗಾದವ. ಆಳಂದ ತಾಲೂಕಿನ ಆ ಊರಿನಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. "ಸತ್ತವರಿಗಂತ ಹಾಡ್ಯಾರ, ಅದರಾಗ ತಾಳ ನೋಡಿದ್ರ ಕುಣಿಯೋದು. ನಮ್ಮೂರ ಭಜನಿ ಕೇಳಿದಂಗ ಆತು" ಅಂದು ಸುಮ್ಮನಾದ.

ಜಗಳ ಜೋರಾದದ್ದು ಆಮೇಲೆ. ಸಿಎಸ್‌ನವ ಫ್ಲೆಚರ್ ತೀರಿಕೊಂಡ ಸುದ್ದಿ ಓದಿ ಬಂದು 9ನ್ನು ಸೀದಾ 10 ಮಾಡಿದ. ಮೆಕ್ಯಾನಿಕಲ್‌ನವನಿಗೆ ಸಿಟ್ಟು ಬಂತು. "ಇದು ಗ್ರೇಸ್ ಮಾರ್ಕ್ಸ್. ಮನ್ಷಾ ಸತ್ರ ಹಾಡು ಛಲೋ ಆಗ್ತದೇನು?" ಅಂದ. ಅವನ ಕೈಯಲ್ಲಿ ಇನ್ನೊಂದು ಪಾಯಿಂಟ್ ಕೂಡ ಇತ್ತು. ಈ ಆಲ್ಬಂನ ಹೆಚ್ಚಿನ ಹಾಡುಗಳನ್ನು ಬರೆದದ್ದು, ಹೆಸರು ಇಟ್ಟದ್ದು ಫ್ಲೆಚರ್ ಬದುಕಿದ್ದಾಗಲೇ. ಅಂದರೆ ನಾವು ಹಾಡಿನಲ್ಲಿ ಕೇಳುತ್ತಿರುವ ದುಃಖದಲ್ಲಿ ಎಷ್ಟು ಹಾಡಿನದು, ಎಷ್ಟು ನಾವು ಓದಿದ ಸುದ್ದಿಯದು? ಮೇಲಾಗಿ ಫ್ಲೆಚರ್ ತಂಡದಲ್ಲಿ ಮುಖ್ಯವಾಗಿ ಹಾಡುವವರಲ್ಲ, ಬರೆಯುವವರಲ್ಲ. 1989ರ '101' ಎಂಬ ಸಾಕ್ಷ್ಯಚಿತ್ರದಲ್ಲಿ ಅವರೇ ನಗುತ್ತಾ, ಉಳಿದ ಮೂವರಿಗೂ ಒಂದೊಂದು ಕೆಲಸ ಇದೆ, ನಾನು ಸುಮ್ಮನೆ ಅಡ್ಡಾಡಿಕೊಂಡು ಇರುತ್ತೇನೆ ಎಂಬ ಅರ್ಥದ ಮಾತಾಡಿದ್ದಾರೆ. ಅಂಥವರು ಇಲ್ಲದಿದ್ದರೆ ಸದ್ದಿನಲ್ಲಿ ಏನು ಫರಕು ಆಗುತ್ತದೆ?

ಈ ಪ್ರಶ್ನೆ ಹೊತ್ತುಕೊಂಡೇ ನಾವು ಆ ವರ್ಷದ ದೀಪಾವಳಿ ರಜೆಗೆ ಸಿವಿಲ್‌ನವನ ಊರಿಗೆ ಹೋದೆವು. ಕಲಬುರಗಿಯಿಂದ ಆಳಂದ, ಅಲ್ಲಿಂದ ಮಾದನಹಿಪ್ಪರಗಾ. ದಾರಿಯ ಎರಡೂ ಕಡೆ ಕರಿ ಮಣ್ಣು, ತೊಗರಿ. ಅವನ ಕಾಕಾ ಊರ ಭಜನಿ ಮೇಳದಲ್ಲಿ ಪೇಟಿ ನುಡಿಸುತ್ತಾರೆ. ಈ ಸೀಮೆಯಲ್ಲಿ ಭಜನೆ ಅಂದರೆ ತತ್ವಪದ. ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನವರ ಪದಗಳಿಲ್ಲದೆ ಮೇಳ ಏಳುವುದೇ ಇಲ್ಲ. ಸಾವಿನ ಮಾತು ಆ ಪದಗಳಲ್ಲಿ ದಂಡಿಯಾಗಿದೆ. ತಾಳ ಮಾತ್ರ ಕೂತವರ ಕಾಲು ಅಲುಗಾಡಿಸುವಂಥದ್ದು.

ಅಮಾವಾಸ್ಯೆ ರಾತ್ರಿ ಭಜನೆ ಮುಗಿದ ಮೇಲೆ ಕಟ್ಟೆ ಮೇಲೆ ಕೂತು ಕಾಕಾಗೆ ಫೋನಿನಲ್ಲಿ 'ಘೋಸ್ಟ್ಸ್ ಅಗೇನ್' ಕೇಳಿಸಿದೆವು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ದನಿಗಿ ವಯಸ್ಸಾಗ್ಯಾದ. ಆದ್ರ ಸುರ ಬಿಟ್ಟಿಲ್ಲ. ಎಷ್ಟು ಮಂದಿ ಅದಾರ ಮೇಳದಾಗ?"

"ಈಗ ಇಬ್ಬರೇ ರೀ ಕಾಕಾ. ಒಬ್ಬರು ತೀರ್ಕೊಂಡ್ರು."

"ಅಂವ ಏನ ಬಾರಿಸ್ತಿದ್ದ?"

ನಾವು ಮುಖ ಮುಖ ನೋಡಿಕೊಂಡೆವು. ಮೆಕ್ಯಾನಿಕಲ್‌ನವನೇ ಹೇಳಿದ: "ಹೆಚ್ಚಿಗೇನಿಲ್ರಿ. ಕೀಬೋರ್ಡ್ ಮುಂದ ನಿಲ್ತಿದ್ರು. ವ್ಯವಹಾರ ನೋಡ್ಕೋತಿದ್ರು. ಉಳಿದಿಬ್ಬರ ನಡುವ ಏನರ ಬಂದ್ರ ಸಮಾಧಾನ ಮಾಡ್ತಿದ್ರಂತ."

"ಹಂಗಂದ್ರ ಮೇಳ ನಡೆಸಿದಾಂವ ಅಂವನೇ ಅಲ್ಲೇನು ತಮ್ಮಾ?"

ಆಗ ಅವರ ಮೇಳದ ಕತೆ ಹೊರಬಂತು. ಮೇಳದಲ್ಲಿ ತಾಳ ಹಾಕುವ ಒಬ್ಬ ಮುತ್ಯಾ ಇದ್ದರಂತೆ. ಮುಂದೆ ಕೂತು ಪದ ಎತ್ತಿದವರಲ್ಲ. ಅಮಾವಾಸ್ಯೆ ಬಂತೆಂದರೆ ಮನೆ ಮನೆಗೆ ಹೋಗಿ ಎಲ್ಲರನ್ನೂ ಎಬ್ಬಿಸಿಕೊಂಡು ಬರುವವರು ಅವರೇ. ಪೇಟಿಯ ಗಾಳಿ ಸೋರಿದರೆ ಚರ್ಮದ ತುಂಡು ಅಂಟಿಸುವವರು, ಹಾಡುವವರು ನುಡಿ ಮರೆತರೆ ಹಿಂದಿನಿಂದ ಮೆಲ್ಲಗೆ ಹೇಳಿಕೊಡುವವರು ಅವರೇ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಐದು ತಿಂಗಳು ಮೇಳ ಕೂಡಲೇ ಇಲ್ಲ. ಕರೆಯುವವರೇ ಇಲ್ಲವಲ್ಲ. ಕಾಕಾ ಪೇಟಿಗೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು. ಅವರ ಮಗನಿಗೆ ಕಾಸಿಯೊ ಕೀಬೋರ್ಡ್ ಇದ್ದರೆ ಸಾಕಿತ್ತು. ಪೇಟಿ ಇನ್ನು ಕೆಳಗೆ ಇಳಿಯುವುದಿಲ್ಲ ಅಂತಲೇ ಮನೆಯವರು ತಿಳಿದಿದ್ದರು.

ಮತ್ತೆ ಕೂತಾಗ ಪದದ ಕೊನೆಗೆ ತಾಳ ಇಮ್ಮಡಿ ಮಾಡುವ ಜಾಗ ಬಂತು. ಅಷ್ಟು ಜೋರಿನಲ್ಲಿ ಎಲ್ಲರನ್ನೂ ಹಿಡಿದು ಕೂರಿಸುವ ಕೈ ಇರಲಿಲ್ಲ. ಹಾಡು ಚೆದುರಿತು. ಮುಂದಿನ ಸಲದಿಂದ ಅವರು ಜೋರು ಮಾಡುವುದನ್ನೇ ಬಿಟ್ಟು, ಅದೇ ನಿಧಾನದಲ್ಲಿ ಮುಗಿಸತೊಡಗಿದರು. ಊರಲ್ಲಿ ಮಾತು ಶುರುವಾಯಿತು: ಮೊದಲಿನಂಗಿಲ್ಲ, ಮೇಳಕ್ಕ ಮುಪ್ಪು ಬಂತು.

ಮೆಕ್ಯಾನಿಕಲ್‌ನವ ನೇರವಾಗಿಯೇ ಕೇಳಿದ: "ಮತ್ತ ಕಾಕಾ, ಒಬ್ಬರು ಹೋಗ್ಯಾರಂತ ಕೇಳೋರು ಮಾರ್ಕ್ಸ್ ಹೆಚ್ಚು ಕೊಡ್ಬೇಕೇನ್ರಿ?"

"ಯಾಕ ಕೊಡ್ಬೇಕು? ಸುರ ತಪ್ಪಿದ್ರ ತಪ್ಪಿದಂಗೇ. ಆದ್ರ ಮೊದಲಿನಂಗಿಲ್ಲ ಅಂತ ಕಡಿಮಿ ಮಾಡಬ್ಯಾಡ. ಮೊದಲಿನಂಗೇ ಇದ್ರ, ಅಂವ ಇದ್ದೂ ಇರಲಾರದಂಗ ಆತಲ್ಲೋ."

ಆ ರಾತ್ರಿ ನಾವು ಇದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಹಾಸ್ಟೆಲ್ಲಿಗೆ ಬಂದ ಮೇಲೆ ಆಲ್ಬಂ ಇನ್ನೊಮ್ಮೆ ಹಾಕಿದೆವು, ಮೊದಲಿಂದ ಕೊನೆಯ 'ಸ್ಪೀಕ್ ಟು ಮಿ' ತನಕ. ಗೋರ್ ತಾವೇ ಹಾಡಿರುವ 'ಸೋಲ್ ವಿತ್ ಮಿ' ಬಂದಾಗ ಸಿವಿಲ್‌ನವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ತಾಳದ ಮುತ್ಯಾ ಅವನ ಅಮ್ಮನ ಅಪ್ಪ ಅನ್ನೋದು ನಮಗೆ ಗೊತ್ತಾದದ್ದು ಆವತ್ತೇ. ಊರಲ್ಲಿ ಅವನೂ ಹೇಳಿರಲಿಲ್ಲ, ಕಾಕಾ ಕೂಡ ಹೇಳಿರಲಿಲ್ಲ.

ಒಮ್ಮತ ಈಗಲೂ ಆಗಿಲ್ಲ. ಮೆಕ್ಯಾನಿಕಲ್‌ನವ 6ರಿಂದ ಮೇಲೆ ಹೋಗಿಲ್ಲ, ನಾಲ್ಕೈದು ಹಾಡು ಒಂದೇ ತರಹ ಇವೆ ಅನ್ನೋದು ಅವನ ವಾದ. ಅದು ಹಾಡಿನ ಮಾತು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಿಧಾನ ಅನ್ನೋ ದೂರನ್ನು ಅವನು ಪಟ್ಟಿಯಿಂದ ತೆಗೆದಿದ್ದಾನೆ. ಸಿಎಸ್‌ನವ 10ರಿಂದ 9ಕ್ಕೆ ವಾಪಸ್ ಬಂದಿದ್ದಾನೆ, ಸುದ್ದಿ ಓದುವ ಮೊದಲು ಕೊಟ್ಟದ್ದೇ ಖರೇ ಅಂತ. ಸಿವಿಲ್‌ನವ ಇನ್ನೂ ಮಾರ್ಕ್ಸ್ ಕೊಟ್ಟಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ನೀವು ಕೇಳುವುದಾದರೆ 'ಘೋಸ್ಟ್ಸ್ ಅಗೇನ್'ನಿಂದ ಶುರು ಮಾಡಿ, ಆಮೇಲೆ 'ವ್ಯಾಗಿಂಗ್ ಟಂಗ್'. ಮೊದಲನೇ ಹಾಡನ್ನು ರಾತ್ರಿಗೆ ಇಟ್ಟುಕೊಳ್ಳಿ. ಹೆಡ್‌ಫೋನ್ ಇದ್ದರೆ ಛಲೋ. ಅಭಿಪ್ರಾಯ ಬರೆದು ಕ್ಲಬ್ಬಿಗೆ ಕಳಿಸಿ, ಬೈದು ಬರೆದರೂ ನಡೆಯುತ್ತೆ. 'ಮೊದಲಿನಂಗಿಲ್ಲ' ಅಂತ ಬರೆಯುವವರು ಅದರ ಜೊತೆಗೆ, ಈಗ ಯಾರು ಇಲ್ಲ, ಅವರು ಏನು ಮಾಡುತ್ತಿದ್ದರು ಅನ್ನೋದನ್ನೂ ಒಂದು ಸಾಲು ಬರೀರಿ.